ಫಿಲೋಮೆನಾ ವಿರುದ್ಧ ಡಿಯೋಲಿಂಡಾ

ಟುಲೇರಿ, ಕ್ಯಾಲಿಫೋರ್ನಿಯಾ
18 ಅಕ್ಟೋಬರ್ 1992

ಪ್ರೀತಿಯ ಅಕ್ಕ,

ಮನೆ ಸೇರಿ ಹತ್ತು ದಿನವಾಯಿತು. ವಿಮಾನದಲ್ಲಿ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಎಲ್ಲರಿಗಿಂತ ಮೊದಲು ಹತ್ತಿಸಿದರು. ಗವರ್ನರನ ಹೆಂಡತಿಗೂ ಅಂಥ ಮರ್ಯಾದೆ ಸಿಗಲಿಕ್ಕಿಲ್ಲ. ನನ್ನ ಗಂಡ ಮಹಾಶಯ ಹಾಲು ಕರೆಯುವ ಬೂಟಿನಲ್ಲೇ ವಿಮಾನ ನಿಲ್ದಾಣಕ್ಕೆ ಬಂದಿದ್ದ. "ಜೋವಾಕಿಂ, ಬೂಟಾದರೂ ಬದಲಾಯಿಸಬಾರದಿತ್ತೇ?" ಎಂದರೆ, "ಹಸುಗಳು ಬಿಡಬೇಕಲ್ಲ" ಎಂದ.

ನನ್ನ ಚಿಂತೆ ಬಿಡು. ಸೊಂಟ ಕೂಡಿಕೊಳ್ಳುತ್ತಿದೆ. ಕೈಯ ಪ್ಲಾಸ್ಟರ್ ತೆಗೆದರು. ಇನ್ನು ಸ್ವಲ್ಪ ದಿನ, ಆಮೇಲೆ ಕುಣಿಯುತ್ತೇನೆ, ನೋಡುತ್ತಿರು. ಶಾಲೆಯ ಅಡುಗೆಮನೆಯವರು ಯಾವಾಗ ಬರುತ್ತೀಯ ಎಂದು ಕೇಳುತ್ತಲೇ ಇದ್ದಾರೆ. ನಾನಿಲ್ಲದೆ ಅವರ ಸೂಪು ನೀರಾಗಿದೆಯಂತೆ.

ಟೈಪ್ ಮಾಡಿದ ಕಾಗದ ನೋಡಿ ಗಾಬರಿಯಾಗಬೇಡ. ಮಗಳು ತನ್ನ ಹಳೆಯ ಟೈಪ್‌ರೈಟರ್ ಬಿಟ್ಟುಹೋಗಿದ್ದಾಳೆ. ಖಾಲಿ ಕೂತವಳಿಗೆ ಒಂದು ಆಟ.

ಎರಡು ತಿಂಗಳು ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತು ನಿನ್ನ ಬೆನ್ನು ಎಷ್ಟು ನೋಯಿತೋ. ಆ ದಿನದ ಮಾತನ್ನು ನೀನೂ ಎತ್ತಬೇಡ, ನಾನೂ ಎತ್ತುವುದಿಲ್ಲ. ಆದದ್ದು ಆಯಿತು.

ನಿನ್ನ ಫಿಲೋ

*

ಫಾಲ್ ರಿವರ್, ಮ್ಯಾಸಚೂಸೆಟ್ಸ್
3 ನವೆಂಬರ್ 1992

ಫಿಲೋ,

ಕರೆಂಟಿನ ಬಿಲ್ಲಿರಬೇಕು ಎಂದುಕೊಂಡು ನಿನ್ನ ಕಾಗದವನ್ನು ಒಂದು ದಿನ ಪಕ್ಕಕ್ಕಿಟ್ಟಿದ್ದೆ. ಏನೇ ಇದು, ತಂಗಿ ಅಕ್ಕನಿಗೆ ಟೈಪ್ ಮಾಡಿ ಬರೆಯುವುದು? ನಮ್ಮ ಪೋರ್ಚುಗೀಸ್ ಅಕ್ಷರಗಳ ತಲೆಯ ಮೇಲಿನ ಗೆರೆ, ಕಾಲಿನ ಬಾಲ ಎಲ್ಲ ಮಾಯ. ಎಲ್ಲ ಬೋಳು ಬೋಳು. ಮುಂದಿನ ಸಲ ಕೈಯಲ್ಲೇ ಬರೆ.

ನೀನು ಕುಣಿಯುತ್ತೇನೆ ಎಂದು ಬರೆದದ್ದು ಓದಿ ಮೇರಿಯಮ್ಮನಿಗೆ ಮೇಣದ ಬತ್ತಿ ಹಚ್ಚಿ ಬಂದೆ. ನನ್ನ ಕಾರಿನ ಇನ್ಶೂರೆನ್ಸ್ ಕಂಪನಿಯಿಂದ ವಿಟೇಕರ್ ಎನ್ನುವವರು ಬಂದಿದ್ದರು. ಎಂಥ ಸಜ್ಜನ! ಬೂಟು ಒರೆಸಿಕೊಂಡೇ ಒಳಗೆ ಬಂದರು. ನನ್ನ ಸಿಹಿ ಬ್ರೆಡ್ಡು ಮೂರು ಹೋಳು ತಿಂದರು. "ನಿಮ್ಮ ತಂಗಿ ಹೇಗಿದ್ದಾರೆ?" ಎಂದು ತಾವಾಗಿಯೇ ವಿಚಾರಿಸಿದರು. ನಿನ್ನ ಕಾಗದವನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ತುಂಬಾ ಸಂತೋಷಪಟ್ಟು, ಒಂದು ಪ್ರತಿ ಮಾಡಿಸಿಕೊಡುತ್ತೇನೆ ಎಂದು ಅದನ್ನು ತೆಗೆದುಕೊಂಡು ಹೋದರು. ವಾರದಲ್ಲಿ ವಾಪಸು ಬಂತು. ಈ ಕಾಲದಲ್ಲಿ ಅಷ್ಟು ಕಾಳಜಿ ಯಾರಿಗಿದೆ?

ಆ ಐಸ್ ಟ್ರಕ್ಕಿನವನು ಎಲ್ಲಿಂದ ಬಂದನೋ, ದೆವ್ವದ ಹಾಗೆ ಬಂದ. ಇರಲಿ, ಮಾತೆತ್ತಬೇಡ ಎಂದಿದ್ದೀಯ, ಎತ್ತುವುದಿಲ್ಲ.

ಅಕ್ಕ

*

ಫಾಲ್ ರಿವರ್
28 ನವೆಂಬರ್ 1992

ಫಿಲೋಮೆನಾ,

ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಮರುದಿನ. ಟರ್ಕಿಯ ಮೂಳೆ ಸೂಪಿಗೆ ಹಾಕಿ ನಿಂತಿದ್ದೆ. ಬಾಗಿಲು ತಟ್ಟಿದರು. ಎದೆಗೆ ಬಿಲ್ಲೆ ಹಾಕಿದ ಒಬ್ಬ. "ಡಿಯೋಲಿಂಡಾ ಫರ್ಟಾಡೊ ನೀವೇನಾ?" ಎಂದ. ಹೌದು ಎಂದೆ. ಕೈಗೆ ಒಂದು ಲಕೋಟೆ ತುರುಕಿ ಇಳಿದು ಹೋದ. ಕೆಳಗಿನ ಮನೆಯ ಇಡಾಲಿನಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. "ಏನೇ ಅದು, ಯಾರು ಯಾರ ಮೇಲೆ ಕೇಸು ಹಾಕಿದ್ದು?" ಎಂದು ಕೇಳಿದಳು.

ನಿನ್ನ ಹೆಸರು ಮೇಲೆ. ನನ್ನ ಹೆಸರು ಕೆಳಗೆ. ನಡುವೆ 'ವಿರುದ್ಧ'. ಮೂರು ಸಲ ಓದಿದೆ, ಅದೇ ಇತ್ತು.

ಐವತ್ತೆಂಟು ದಿನ ಆಸ್ಪತ್ರೆಯಲ್ಲಿ ನಿನ್ನ ತಲೆ ಬಾಚಿದವಳು ಯಾರು? ಚಮಚದಲ್ಲಿ ಸೂಪು ಕುಡಿಸಿದವಳು ಯಾರು? ಕುಣಿಯುತ್ತೇನೆ ಎಂದು ಬರೆದವಳು ನೀನು. ಕುಣಿಯುವವಳಿಗೆ ಕೇಸು ಯಾಕೆ ಬೇಕು? ದುಡ್ಡು ಬೇಕಿದ್ದರೆ ಕೇಳಬಹುದಿತ್ತು. ಕೇಳದೆ ನನ್ನನ್ನು ಅಪರಾಧಿಯ ಹಾಗೆ ಕೋರ್ಟಿಗೆ ಎಳೆದೆ. ಈಗ ಗೊತ್ತಾಯಿತು ಟೈಪ್‌ರೈಟರ್ ಯಾಕೆ ಬಂತು ಎಂದು. ವಕೀಲರಿಗೆ ಪ್ರತಿ ಇಟ್ಟುಕೊಳ್ಳಲು, ಅಲ್ಲವೇ?

ಸಂಜೆಯೇ ವಿಟೇಕರ್ ಅವರಿಗೆ ಫೋನ್ ಮಾಡಿದೆ. ಟೇಪ್ ರೆಕಾರ್ಡರ್ ತಂದರು. "ಆಕೆ ಕಿರುಚಿದ್ರಾ? ನಿಮ್ಮ ಕೈ ಏನಾದ್ರೂ ಹಿಡಿದ್ರಾ?" ಎಂದು ಕೇಳಿದರು. ಕಿರುಚಿದಳು, ತೋಳು ಹಿಡಿದು ಎಳೆದಳು, ಅದಕ್ಕೇ ಹೀಗಾಯಿತು ಎಂದೆ. ಹೇಳಿಬಿಟ್ಟೆ. ನೀನೂ ಕೇಳಿಸಿಕೋ.

ಇನ್ನು ನನಗೆ ಬರೆಯಬೇಡ. ಬರೆದರೂ ಒಡೆಯುವುದಿಲ್ಲ.

ಡಿಯೋಲಿಂಡಾ

*

ಟುಲೇರಿ
30 ನವೆಂಬರ್ 1992

ಅಕ್ಕ,

ಒಂದು ಮಾತು ಹೇಳಬೇಕಾಗಿದೆ. ಮೂರು ವಾರದಿಂದ ಟೈಪ್‌ರೈಟರಿನ ಮುಂದೆ ಕೂತು ಎದ್ದು ಹೋಗುತ್ತಿದ್ದೇನೆ. ನಿನ್ನ ಮನೆಗೆ ಒಂದು ಕಾಗದ ಬರಬಹುದು. ಅದರಲ್ಲಿ ನಿನ್ನ ಹೆಸರಿರುತ್ತದೆ. ಹೆದರಬೇಡ, ಅದು ನಿನ್ನ ಮೇಲಲ್ಲ. ಬಿಡಿಸಿ ಹೇಳುತ್ತೇನೆ, ಸ್ವಲ್ಪ ಸಮಯ ಕೊಡು.

ಇನ್ನೊಂದು. ನನ್ನ ಕಾಗದಗಳನ್ನು ಆ ವಿಟೇಕರನಿಗೆ ತೋರಿಸಬೇಡ. ಸಿಹಿ ಬ್ರೆಡ್ಡನ್ನೂ ಕೊಡಬೇಡ.

ಫಿಲೋ

*

ಟುಲೇರಿ
9 ಡಿಸೆಂಬರ್ 1992

ಅಕ್ಕ,

ನಿನ್ನ ಕಾಗದ ಬಂತು. ಒಡೆಯುವುದಿಲ್ಲ ಎಂದಿದ್ದೀಯ. ಒಡೆಯದಿದ್ದರೂ ಬರೆಯುತ್ತೇನೆ. ಇನ್ನು ಸುಳ್ಳು ಬರೆಯುವುದಿಲ್ಲ.

ನಾನು ಕುಣಿಯುವುದಿಲ್ಲ. ಕೋಲು ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ಹೋಗುತ್ತೇನೆ, ನಡುವೆ ಒಂದು ಕುರ್ಚಿ ಇಟ್ಟಿದ್ದಾರೆ, ಅದರಲ್ಲಿ ಕೂತು ಮುಂದೆ ಹೋಗುತ್ತೇನೆ. ಬಲಗೈ ಮುಚ್ಚುವುದಿಲ್ಲ. ಪ್ಲಾಸ್ಟರ್ ತೆಗೆದಾಗ ಬೆರಳುಗಳು ಬೇರೆ ಯಾರದೋ ಆಗಿದ್ದವು. ಪೆನ್ನು ಹಿಡಿಯಲು ಬರುವುದಿಲ್ಲ, ಅದಕ್ಕೆ ಟೈಪ್‌ರೈಟರ್. ಎಡಗೈಯ ಒಂದು ಬೆರಳಿನಿಂದ ಈ ಪುಟ ಹೊಡೆಯಲು ಒಂದು ಬೆಳಗ್ಗೆ ಪೂರ್ತಿ ಬೇಕು. ಶಾಲೆಯ ಅಡುಗೆಮನೆಯವರು ಕೇಳುತ್ತಿದ್ದಾರೆ ಎಂದದ್ದೂ ಸುಳ್ಳು. ಸೆಪ್ಟೆಂಬರಿನಲ್ಲೇ ಬೇರೆಯವಳನ್ನು ತೆಗೆದುಕೊಂಡರು. ನಲವತ್ತು ಲೀಟರಿನ ಪಾತ್ರೆ ಎತ್ತಲಾರದವಳು ಅಲ್ಲಿ ಏನು ಮಾಡುತ್ತಾಳೆ?

ಯಾಕೆ ಮುಚ್ಚಿಟ್ಟೆ? ಆಸ್ಪತ್ರೆಯಲ್ಲಿ ನನಗೆ ನಿದ್ದೆ ಬಂದಿದೆ ಎಂದುಕೊಂಡು ನೀನು ಮಂಚದ ಕಂಬಿ ಹಿಡಿದು ಅಳುತ್ತಿದ್ದೆ. ನನಗೆ ನಿದ್ದೆ ಬಂದಿರಲಿಲ್ಲ.

ನಾನು ಮೊದಲು ಕೇಸು ಹಾಕಲಿಲ್ಲ, ಅಕ್ಕ. ಕಂಪನಿಗೆ ಒಂದು ಅರ್ಜಿ ಬರೆದೆ, ಅಷ್ಟೆ. ಉತ್ತರ ಬಂತು. ಕೊಡಲಾಗುವುದಿಲ್ಲ ಎಂದು. ಯಾಕೆಂದರೆ ಹಾನಿಗೊಳಗಾದವರು ತಮ್ಮದೇ ಪತ್ರದಲ್ಲಿ 'ಕುಣಿಯುವಷ್ಟು' ಚೇತರಿಸಿಕೊಂಡಿರುವುದಾಗಿ ತಿಳಿಸಿದ್ದಾರೆ. ನಾನು ನಿನ್ನ ಸಮಾಧಾನಕ್ಕೆ ಬರೆದ ಮಾತು, ಇಂಗ್ಲಿಷಿನಲ್ಲಿ, ಅವರ ಮೊಹರಿನ ಕೆಳಗೆ!

ಆಗ ನಿಮ್ಮೂರಿನ ಬಸ್ಸಿನ ಬೆನ್ನ ಮೇಲಿನ ಜಾಹೀರಾತಿನಲ್ಲಿ ಹಲ್ಲು ಬಿಟ್ಟು ನಗುವ ಆ ವಕೀಲ ಮೆಡೀರೋಸ್‌ಗೆ ಫೋನ್ ಮಾಡಿದೆ. ನೀನು ಅವನ ಮೀಸೆ ನೋಡಿ ನಗುತ್ತಿದ್ದೆಯಲ್ಲ, ಅವನೇ. ಗೆದ್ದರೆ ಮೂರನೇ ಒಂದು ಪಾಲು ಅವನಿಗೆ, ಸೋತರೆ ಏನೂ ಇಲ್ಲ. ಅಕ್ಕನ ಮೇಲೆ ಕೇಸು ಹಾಕಲಾರೆ ಎಂದೆ. ಅವನು ಹೇಳಿದ: "ಅಮ್ಮಾ, ನೇರವಾಗಿ ಕಂಪನಿ ಮೇಲೆ ಕೇಸು ಹಾಕೋಕೆ ಕಾನೂನು ಬಿಡಲ್ಲ. ನಿಮ್ಮ ಅಕ್ಕನ ಹೆಸರಲ್ಲೇ ಬಾಗಿಲು ತೆಗೀಬೇಕು. ಹಣ ಕಂಪನಿಯದು, ಹೆಸರು ಮಾತ್ರ ಅವರದು."

ಹನ್ನೊಂದು ವರ್ಷ ನೀನು ಕಂತು ಕಟ್ಟಿದ್ದೀಯ. ಯಾತಕ್ಕೆ ಕಟ್ಟಿದೆ? ಇಂಥ ದಿನಕ್ಕೇ ಅಲ್ಲವೇ? ನಿನ್ನ ಕಾರಿನಲ್ಲಿ ಕೂತವಳ ಮೂಳೆ ಮುರಿದರೆ ಕೊಡುತ್ತೇವೆ ಎಂದು ಅವರು ಬರೆದುಕೊಟ್ಟಿದ್ದಾರೆ. ನಾನು ಭಿಕ್ಷೆ ಕೇಳುತ್ತಿಲ್ಲ.

ಟೇಪಿನಲ್ಲಿ ನೀನು ಹೇಳಿದ್ದು ಓದಿ ಜೋವಾಕಿಂ ಎದ್ದು ಹೊರಗೆ ಹೋದ. ನಾನು ಹೋಗಲಿಲ್ಲ. ನನಗೆ ಹಾಗೆ ಎದ್ದು ಹೋಗಲು ಆಗುವುದಿಲ್ಲ.

ಫಿಲೋ

*

ಟುಲೇರಿ
17 ಜನವರಿ 1993

ಅಕ್ಕ,

ಕ್ರಿಸ್‌ಮಸ್ ಹೋಯಿತು. ಮೂವತ್ತಮೂರು ವರ್ಷದಲ್ಲಿ ಮೊದಲ ಸಲ ನಿನ್ನ ಕಾರ್ಡು ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ. ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟೆ.

ಕೇಸು ವಾಪಸು ತೆಗೆದುಕೊಳ್ಳುತ್ತಾಳೆಂದು ಕಾಯುತ್ತಿದ್ದರೆ ಕಾಯಬೇಡ. ತೆಗೆದುಕೊಳ್ಳುವುದಿಲ್ಲ. ನಿನ್ನ ಮೇಲಿನ ಪ್ರೀತಿಗೆ ನನ್ನ ಕೈಯನ್ನು ಕಂಪನಿಗೆ ಬಿಟ್ಟುಕೊಡಲಾರೆ. ಎರಡೂ ನನ್ನ ಹತ್ತಿರ ಇರಲಿ.

ಫಿಲೋಮೆನಾ

*

ಫಾಲ್ ರಿವರ್
21 ಫೆಬ್ರವರಿ 1993

ಫಿಲೋ,

ನಿನ್ನ ಮೂರೂ ಕಾಗದ ನಿನ್ನೆ ಒಡೆದೆ. ಒಂದರ ಹಿಂದೆ ಒಂದು ಓದಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಏಳುವಾಗ ಇಡಾಲಿನಾ ಬಂದು ಎಬ್ಬಿಸಬೇಕಾಯಿತು.

ಹೇಗೆ ಒಡೆದೆ ಎಂದು ಹೇಳುತ್ತೇನೆ. ಕಂಪನಿಯವರು ನನಗೆ ಒಬ್ಬ ವಕೀಲನನ್ನು ಕೊಟ್ಟಿದ್ದಾರೆ. ಹ್ಯಾಲೊರನ್ ಎಂದು ಹೆಸರು. ದುಡ್ಡು ಅವರು ಕೊಡುತ್ತಾರೆ, ಆದರೆ ಅವನು ನನ್ನ ವಕೀಲನಂತೆ. ನಾನು ಪ್ರತಿವಾದಿಯಂತೆ. ಅವನು ಕೇಳಿದ, "ತಂಗಿ ಬರೆದ ಕಾಗದ ಇದ್ರೆ ಎಲ್ಲಾ ತನ್ನಿ. ಉಪಯೋಗಕ್ಕೆ ಬರೋದು ಏನಾದ್ರೂ ಇರಬಹುದು." ಕೊಡುವ ಮೊದಲು ಅದರಲ್ಲಿ ಏನಿದೆ ನೋಡೋಣ ಎಂದು ಒಡೆದೆ. ನಿನ್ನ ಪ್ರೀತಿಗಲ್ಲ, ನನ್ನ ಮಾನ ಹೋಗುವಂಥದ್ದೇನಾದರೂ ಇದ್ದರೆ ಅವನ ಬಾಯಿಗೆ ಸಿಕ್ಕಬಾರದು ಎಂದು. ಅಷ್ಟು ಕೆಟ್ಟವಳಾಗಿದ್ದೆ ನಾನು.

ಆ ಕೈ. ನೀನು ಏಳು ವರ್ಷದವಳಿದ್ದಾಗ ಹಡಗುಕಟ್ಟೆಯ ಮೇಲೆ ನಾನು ಹಿಡಿದುಕೊಂಡು ನಡೆಸುತ್ತಿದ್ದ ಕೈ. ಅದನ್ನು ಹಾಳುಮಾಡಿದವಳೇ ನಾನು, ಟೈಪ್ ಯಾಕೆ ಮಾಡಿದೆ ಎಂದು ಜಗಳ ತೆಗೆದೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ಆ ದಿನ ಪೊಲೀಸರು ನನಗೆ ದಂಡದ ಚೀಟಿ ಕೊಟ್ಟರು. ನಾನು ಅದನ್ನು ಕಟ್ಟಿ ಬಂದೆ, ಯಾರಿಗೂ ಹೇಳಲಿಲ್ಲ. ನಿನ್ನ ಮುಂದೆ ಟ್ರಕ್ಕಿನವನನ್ನು ಬೈಯುತ್ತಿದ್ದೆ. ಆ ಮನುಷ್ಯ ಆಸ್ಪತ್ರೆಗೆ ಹೂವು ತಂದಿದ್ದ. ಅದನ್ನೂ ಹೇಳಲಿಲ್ಲ. ಹೂವನ್ನು ಕಸದ ಬುಟ್ಟಿಗೆ ಹಾಕಿದೆ.

ನಿನ್ನ ಮೂರು ಕಾಗದಗಳನ್ನು ಹ್ಯಾಲೊರನ್‌ಗೆ ಕೊಟ್ಟೆ. ಕೈಯ ವಿಷಯ ಅವರೂ ಓದಲಿ. ಕೊಡುವಾಗ "ನೀವಿಬ್ರೂ ಇನ್ನು ಬರೆಯೋದು ನಿಲ್ಲಿಸಿದ್ರೆ ಒಳ್ಳೇದು, ಬರೆದದ್ದೆಲ್ಲ ನಾವು ತರಿಸಿಕೊಳ್ಳಬೇಕಾಗುತ್ತೆ" ಎಂದ. ಪೋರ್ಚುಗೀಸಿನಲ್ಲಿರುವುದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ಪುಟಕ್ಕಿಷ್ಟು ಅಂತ ಕೊಟ್ಟು ಅನುವಾದ ಮಾಡಿಸ್ತೀವಿ" ಎಂದ. ಕಂಪನಿಯ ಖರ್ಚೇ ಎಂದು ಕೇಳಿದೆ. ಹೌದು ಎಂದ. ಹಾಗಾದರೆ ಇನ್ನು ಉದ್ದುದ್ದ ಬರೆಯೋಣ, ಫಿಲೋ. ಕೇಲ್ ಸೊಪ್ಪಿನ ಸೂಪು ಮಾಡುವ ಕ್ರಮವನ್ನೂ ಬರೆಯುತ್ತೇನೆ. ಅದನ್ನೂ ಅನುವಾದ ಮಾಡಿಸಲಿ.

ಅಕ್ಕ

*

ಟುಲೇರಿ
4 ಮಾರ್ಚ್ 1993

ಅಕ್ಕ,

ನಿನ್ನ ಕಾಗದ ಓದಿ ಜೋವಾಕಿಂಗೂ ಓದಿ ಹೇಳಿದೆ. ಸೂಪಿನ ಮಾತು ಬಂದಾಗ ನಕ್ಕ. ಅವನ ಕೋಪ ಹಸುವಿನ ಒದೆಯ ಹಾಗೆ, ಒಂದು ಸಲ, ಆಮೇಲೆ ಸುಮ್ಮನೆ ನಿಲ್ಲುತ್ತದೆ.

ನಾನೂ ಇನ್ನೊಂದು ಹೇಳಬೇಕು. ಇದನ್ನು ಮೆಡೀರೋಸ್‌ಗೂ ಹೇಳಿಲ್ಲ.

ನಿನ್ನ ಮನೆಗೆ ಬಂದಿದ್ದ ಆ ತಿಂಗಳು ಪೂರ್ತಿ ನೀನು ಕಾರು ಓಡಿಸುವುದನ್ನು ನೋಡಿ ಹಾಸ್ಯ ಮಾಡಿದೆ. ಜೋವಾಕಿಂನ ಹಸುಗಳು ಇದಕ್ಕಿಂತ ಬೇಗ ಹೋಗುತ್ತವೆ ಎಂದೆ. ಶವಯಾತ್ರೆಯಾ ಎಂದೆ. ಆ ಶನಿವಾರ ಕೂಡುರಸ್ತೆಯಲ್ಲಿ ನೀನು ಎಡಕ್ಕೆ ತಿರುಗಲು ಕಾಯುತ್ತಿದ್ದೆ. ಹಿಂದಿನವನು ಹಾರ್ನ್ ಹೊಡೆದ. ನಾನು, "ಹೋಗೇ, ಸಿಗುತ್ತೆ ಹೋಗು" ಎಂದೆ. ನೀನು ಹೋದೆ.

ಆ ದಿನದ ಮಾತು ಎತ್ತಬೇಡ ಎಂದು ಬರೆದದ್ದು ನಿನ್ನನ್ನು ಉಳಿಸಲು ಎಂದು ನೀನು ತಿಳಿದಿರಬೇಕು. ಅರ್ಧ ನನ್ನನ್ನು ಉಳಿಸಿಕೊಳ್ಳಲು.

ನಾಳೆ ಮೆಡೀರೋಸ್‌ಗೆ ಹೇಳುತ್ತೇನೆ. ಕಂಪನಿಯವರು ಕಳಿಸಿರುವ ಪ್ರಶ್ನೆಗಳಲ್ಲಿ ಒಂದು ಇದೇ ಇದೆ: ಚಾಲಕಿಗೆ ನೀವು ಏನಾದರೂ ಹೇಳಿದಿರಾ? ಹೇಳಿದೆ ಎಂದು ಬರೆಯುತ್ತೇನೆ. ಇದರಿಂದ ಕೇಸು ಬಿದ್ದುಹೋದರೆ ಬೀಳಲಿ. ಅವರ ಸುಳ್ಳಿನ ಜೊತೆ ನನ್ನದೊಂದು ಸುಳ್ಳು ಇಟ್ಟು ತೂಗುವುದಿಲ್ಲ.

ಫಿಲೋ

*

ಫಾಲ್ ರಿವರ್
30 ಏಪ್ರಿಲ್ 1993

ಫಿಲೋ,

ನಿನ್ನೆ ನನ್ನನ್ನು ಪ್ರಮಾಣ ಮಾಡಿಸಿ ಕೇಳಿದರು. ಕೋರ್ಟಿನಲ್ಲಲ್ಲ, ಮೆಡೀರೋಸ್‌ನ ಆಫೀಸಿನಲ್ಲಿ. ಆದರೆ ಕೋರ್ಟಿನಲ್ಲಿ ಹೇಳಿದಷ್ಟೇ ಲೆಕ್ಕವಂತೆ. ಒಬ್ಬ ಹೆಂಗಸು ಪುಟ್ಟ ಯಂತ್ರ ಇಟ್ಟುಕೊಂಡು ನಾನು ಕೆಮ್ಮಿದ್ದನ್ನೂ ಬರೆದುಕೊಳ್ಳುತ್ತಿದ್ದಳು. ನಾನು ಮ್ಯಾನುವೆಲ್ ಸತ್ತಾಗ ಹೊಲಿಸಿದ ಕಪ್ಪು ಲಂಗ ಹಾಕಿಕೊಂಡು ಹೋಗಿದ್ದೆ. ಮೆಡೀರೋಸ್ ಬಸ್ಸಿನ ಮೇಲಿರುವುದಕ್ಕಿಂತ ಕುಳ್ಳ.

ಹೋಗುವ ಮೊದಲು ಹ್ಯಾಲೊರನ್ ನನಗೆ ಪಾಠ ಹೇಳಿದ್ದ. "ಹೌದು, ಇಲ್ಲ, ನೆನಪಿಲ್ಲ. ಈ ಮೂರೇ ಮಾತು ಸಾಕು. ಅಂದಹಾಗೆ, ಅವತ್ತು ಬಿಸಿಲು ಕಣ್ಣಿಗೆ ಹೊಡೀತಿತ್ತು, ಅಲ್ವಾ?"

"ಮೋಡ ಇತ್ತು" ಎಂದೆ.

"ಚೆನ್ನಾಗಿ ಯೋಚನೆ ಮಾಡಿ" ಎಂದ.

ಒಳಗೆ ಮೆಡೀರೋಸ್ ಮೊದಲು ಹೆಸರು, ವಯಸ್ಸು, ಎಷ್ಟು ವರ್ಷದಿಂದ ಕಾರು ಓಡಿಸುತ್ತೀರಿ ಎಂದೆಲ್ಲ ಕೇಳಿದ. ಐವತ್ತನೇ ವಯಸ್ಸಿನಲ್ಲಿ ಕಲಿತೆ, ಗಂಡ ಸತ್ತ ಮೇಲೆ, ಎಂದೆ. ಆಮೇಲೆ ಕೇಳಿದ:

"ತಿರುಗೋ ಮುಂಚೆ ಟ್ರಕ್ ನೋಡಿದ್ರಾ?"

ಹ್ಯಾಲೊರನ್ ಪೆನ್ನು ಮೇಜಿಗೆ ಕುಟ್ಟಿದ. ನೆನಪಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಫಿಲೋ, ಇದನ್ನು ನಾನು ಪಾದ್ರಿಗೂ ಹೇಳಿಲ್ಲ.

"ನೋಡಿದೆ" ಎಂದೆ. "ಎಡಕ್ಕೆ ತಿರುಗೋರು ಎದುರಿಂದ ಬರೋ ಗಾಡಿಗೆ ದಾರಿ ಬಿಡ್ಬೇಕು. ಅದೂ ಗೊತ್ತಿತ್ತು. ಟ್ರಕ್ ಬರ್ತಾ ಇತ್ತು, ಕಾಣಿಸ್ತು. ಅಷ್ಟರಲ್ಲಿ ದಾಟಿಬಿಡ್ತೀನಿ ಅಂದ್ಕೊಂಡೆ. ಆಗ್ಲಿಲ್ಲ."

ಹ್ಯಾಲೊರನ್ ಎದ್ದು, "ಸ್ವಲ್ಪ ವಿರಾಮ ತಗೊಳ್ಳೋಣ" ಎಂದು ನನ್ನನ್ನು ಹೊರಗಿನ ವರಾಂಡಕ್ಕೆ ಕರೆದುಕೊಂಡು ಹೋದ.

"ಮಿಸೆಸ್ ಫರ್ಟಾಡೊ, ಪಾಲಿಸಿಯಲ್ಲಿ ಒಂದು ಷರತ್ತಿದೆ, ಗೊತ್ತಾ? ನೀವು ಕಂಪನಿಗೆ ಸಹಕರಿಸ್ಬೇಕು."

"ನಿಜ ಹೇಳೋದು ಅಸಹಕಾರಾನಾ?"

"ನಾನು ಹಾಗಂದ್ನಾ? ಮುಂದೆ ನಿಮಗೆ ಯಾರೂ ಪಾಲಿಸಿ ಕೊಡದೆ ಹೋಗಬಹುದು, ಅಷ್ಟೆ. ಈ ವಯಸ್ಸಲ್ಲಿ ಬಸ್ಸಿಗೆ ಕಾಯೋದು ಕಷ್ಟ."

"ಈ ವಯಸ್ಸಲ್ಲಿ ತಂಗಿಗೆ ದ್ರೋಹ ಮಾಡೋದು ಇನ್ನೂ ಕಷ್ಟ, ಮಗೂ. ಬಾ ಒಳಗೆ, ಆ ಹೆಂಗಸು ಪಾಪ ಕಾಯ್ತಿದಾಳೆ."

ಒಳಗೆ ಬಂದ ಮೇಲೆ ಅವನ ಸರದಿ. ಮುಖ ಕೆಂಪಾಗಿತ್ತು. ನೀನು ಬರೆದುಕೊಟ್ಟ ಉತ್ತರ ಅವನ ಫೈಲಿನಲ್ಲಿತ್ತು.

"ನಿಮ್ಮ ತಂಗಿ ನಿಮಗೆ 'ಹೋಗು' ಅಂದ್ರು. ನಿಜಾನಾ?"

"ನಿಜ."

"ಅವರು ಹೇಳಿದ್ದಕ್ಕೇ ನೀವು ಹೋದ್ರಿ."

"ಅವಳು ಐವತ್ತು ವರ್ಷದಿಂದ ನನಗೆ ಏನೇನೋ ಹೇಳಿದಾಳೆ, ಸ್ವಾಮಿ. ಮ್ಯಾನುವೆಲ್‌ನ ಮದುವೆ ಆಗ್ಬೇಡ ಅಂದ್ಳು, ಆದೆ. ಕ್ಯಾಲಿಫೋರ್ನಿಯಾಕ್ಕೆ ಬಾ ಅಂದ್ಳು, ಹೋಗ್ಲಿಲ್ಲ. ಅವಳ ಮಾತು ನಾನು ಯಾವತ್ತು ಕೇಳಿದೀನಿ? ಸ್ಟಿಯರಿಂಗು ನನ್ನ ಕೈಲಿತ್ತು. ಬ್ರೇಕು ನನ್ನ ಕಾಲಡಿ ಇತ್ತು. ಅವಳ ಹತ್ರ ಇದ್ದದ್ದು ಬಾಯಿ ಒಂದೇ."

ಮೆಡೀರೋಸ್ ಮೀಸೆಯೊಳಗೇ ನಕ್ಕ. ಹ್ಯಾಲೊರನ್ ನಗಲಿಲ್ಲ. "ನವೆಂಬರಲ್ಲಿ ನಮ್ಮವರ ಮುಂದೆ, ಅವರು ನಿಮ್ಮ ತೋಳು ಎಳೆದ್ರು ಅದಕ್ಕೇ ಅಪಘಾತ ಆಯ್ತು ಅಂದಿದ್ರಿ. ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದೀರೋ?"

"ಆಗ" ಎಂದೆ. "ತೋಳು ಹಿಡಿದಿದ್ದು ನಿಜ. ಟ್ರಕ್ಕು ಅವಳ ಬಾಗಿಲ ಹತ್ರ ಬಂದ್ಮೇಲೆ ಹಿಡಿದ್ಳು. ಸಾಯೋ ಹೊತ್ತಲ್ಲಿ ಅಕ್ಕನ್ನಲ್ದೆ ಇನ್ಯಾರನ್ನ ಹಿಡ್ಕೋತಾಳೆ? ಅವತ್ತು ನನಗೆ ಅವಳ ಮೇಲೆ ಸಿಟ್ಟಿತ್ತು. ಆ ಸಿಟ್ಟನ್ನ ನಿಮ್ಮವರು ಟೇಪಲ್ಲಿ ತುಂಬ್ಕೊಂಡು ಹೋದ್ರು. ಬರೆದ್ಕೊಳ್ಳಮ್ಮ" ಎಂದು ಯಂತ್ರದ ಹೆಂಗಸಿಗೂ ಹೇಳಿದೆ. "ಇನ್ನೊಂದು. ಕಾರು ಹತ್ತಿದಾಗ ನಾನು ಬೆಲ್ಟ್ ಹಾಕಿರ್ಲಿಲ್ಲ. ಯಾವತ್ತೂ ಹಾಕ್ತಿರ್ಲಿಲ್ಲ, ಹಸುವಿನ ಹಾಗೆ ಕಟ್ಟಿಸ್ಕೊಳ್ಳೋಕೆ ಇಷ್ಟ ಇಲ್ಲ ಅಂತಿದ್ದೆ. ಅವತ್ತು ಅವಳೇ ಬಗ್ಗಿ ನನಗೆ ಹಾಕಿದ್ಳು. ಹಾಕಿದ ಕೈ ಹೋಯ್ತು. ನಾನು ಇಲ್ಲಿ ಕೂತು ನಿಮಗೆ ಉತ್ತರ ಕೊಡ್ತಿದೀನಿ."

ಅವನು ಫೈಲು ಮುಚ್ಚಿದ.

ಕೆಳಗಿಳಿದು ಮೂಲೆಯ ಅಂಗಡಿಯಲ್ಲಿ ನಿಂತು ಒಂದು ಕಾಫಿ ಕುಡಿದೆ. ಅಂಗಡಿಯವನು "ಏನಮ್ಮ, ಯಾರದಾದ್ರೂ ಶವಸಂಸ್ಕಾರಕ್ಕೆ ಹೋಗಿದ್ರಾ?" ಎಂದು ನನ್ನ ಲಂಗ ನೋಡಿ ಕೇಳಿದ. ಇನ್ಶೂರೆನ್ಸ್ ಕಂಪನಿಯದು ಎಂದೆ.

ಅಕ್ಕ

*

ಟುಲೇರಿ
14 ಜೂನ್ 1993

ಅಕ್ಕ,

ಮೆಡೀರೋಸ್ ಫೋನ್ ಮಾಡಿದ್ದ. ನಿನ್ನ ಹೇಳಿಕೆ ಓದಿದ ಮೇಲೆ ಕಂಪನಿಯವರು ವಿಚಾರಣೆಯವರೆಗೆ ಹೋಗಲು ಒಪ್ಪಲಿಲ್ಲ. ಪಾಲಿಸಿಯಲ್ಲಿರುವುದನ್ನು ಪೂರ್ತಿ ಕೊಡುತ್ತಾರಂತೆ. ಫ್ರೆಸ್ನೊದಲ್ಲಿ ಕೈಗಳದೇ ಒಬ್ಬ ಡಾಕ್ಟರಿದ್ದಾನೆ. ಎರಡು ಶಸ್ತ್ರಚಿಕಿತ್ಸೆ ಮಾಡಿದರೆ ಹೆಬ್ಬೆರಳು ಮತ್ತು ತೋರುಬೆರಳು ಸೇರಬಹುದು ಎನ್ನುತ್ತಾನೆ. ಮುಷ್ಟಿ ಕಟ್ಟಲು ಬರುವುದಿಲ್ಲ. ಕೋಲು ಕೊನೆಯತನಕ. ನಿಜ ಹೇಳುತ್ತೇನೆ ಎಂದಿದ್ದೆ, ಹೇಳಿದ್ದೇನೆ.

ಆದರೆ ಸಹಿ ಹಾಕಲು ಒಂದು ಕಾಗದ ಕಳಿಸಿದ್ದಾರೆ. ನಾಲ್ಕನೇ ಸಾಲಿನಲ್ಲಿ ಹೀಗಿದೆ: 'ಈ ಪಾವತಿಯಿಂದ ಯಾರೂ ಯಾವುದೇ ತಪ್ಪನ್ನು ಒಪ್ಪಿಕೊಂಡಂತಾಗುವುದಿಲ್ಲ.' ಓದಿ ಮೈ ಉರಿಯಿತು. ನನ್ನ ಸೊಂಟ ತಾನಾಗಿಯೇ ಮುರಿಯಿತೇ? ನೀನು ಅಷ್ಟು ಜನರ ಮುಂದೆ ಬಾಯಿಬಿಟ್ಟು ಹೇಳಿದ್ದನ್ನು ಒಂದು ಸಾಲಿನಲ್ಲಿ ಒರೆಸಿಹಾಕುತ್ತಾರೆಯೇ? "ಎಲ್ಲಾ ಕಾಗದದಲ್ಲೂ ಇರುತ್ತಮ್ಮ, ಸಹಿ ಹಾಕಿ" ಎನ್ನುತ್ತಾನೆ ಮೆಡೀರೋಸ್. ಜೋವಾಕಿಂ ಕೂಡ ಹಾಕು ಎನ್ನುತ್ತಾನೆ. ನಾನು ಹಾಕಿಲ್ಲ. ಮೂರು ದಿನದಿಂದ ಮೇಜಿನ ಮೇಲಿದೆ. ನೀನು ಹೇಳು.

ಫಿಲೋ

*

ಫಾಲ್ ರಿವರ್
27 ಜೂನ್ 1993

ಫಿಲೋ,

ಸಹಿ ಹಾಕು. ಇವತ್ತೇ ಹಾಕಿ ಅಂಚೆಗೆ ಹಾಕು. ಕೈ ಸರಿಮಾಡಿಸಿಕೋ. ಕಂಪನಿ ಒಪ್ಪದಿದ್ದರೆ ಬಿಡು, ತಪ್ಪು ಕಂಪನಿಯದಲ್ಲವಲ್ಲ. ತಪ್ಪು ನನ್ನದು, ನಾನು ಒಪ್ಪಿದ್ದೇನೆ. ಇಲ್ಲಿ ನನ್ನ ಕೈಯಲ್ಲೇ ಬರೆಯುತ್ತೇನೆ: 1992ರ ಆಗಸ್ಟ್ ಎಂಟರಂದು ನಾನು, ಡಿಯೋಲಿಂಡಾ ಫರ್ಟಾಡೊ, ಎದುರಿಗೆ ಬರುವ ಟ್ರಕ್ಕನ್ನು ನೋಡಿಯೂ ಎಡಕ್ಕೆ ತಿರುಗಿಸಿ ನನ್ನ ತಂಗಿ ಫಿಲೋಮೆನಾಳ ಸೊಂಟ ಮತ್ತು ಬಲಗೈ ಮುರಿದೆ. ಇದನ್ನು ಅವರ ಕಾಗದದ ಜೊತೆ ಪಿನ್ ಹಾಕಿ ಕಳಿಸು. ಅವರು ಇಟ್ಟುಕೊಳ್ಳದಿದ್ದರೆ ನೀನು ಇಟ್ಟುಕೋ.

ಕಂಪನಿಯವರು ನನ್ನ ಪಾಲಿಸಿ ಮುಂದುವರಿಸುವುದಿಲ್ಲ ಎಂದು ತಿಳಿಸಿದ್ದಾರೆ. ಬೇರೆ ಕಡೆ ಹುಡುಕಿದೆ, ಸಿಕ್ಕಿತು. ಲೈಸೆನ್ಸ್ ಆಫೀಸಿನವರು ಮತ್ತೆ ಪರೀಕ್ಷೆ ಕೊಡಬೇಕು ಎಂದರು. ಇಡಾಲಿನಾ, "ಯಾಕೇ ಬೇಕು ನಿನಗೆ, ಬಿಟ್ಟುಬಿಡು, ಮನೆಯಲ್ಲಿ ಕೂತ್ಕೋ" ಎಂದಳು. ಬಿಡಬೇಕಾದದ್ದು ಕಾರನ್ನಲ್ಲ, ಅವಸರವನ್ನು ಎಂದೆ. ಗುರುವಾರ ಪರೀಕ್ಷೆ ಕೊಟ್ಟೆ. ಪಕ್ಕದಲ್ಲಿ ಕೂತ ಹುಡುಗಿ ಗುರುತು ಹಾಕಿಕೊಳ್ಳುವ ಹಲಗೆ ಹಿಡಿದು ಒಂದು ಮಾತೂ ಆಡಲಿಲ್ಲ. ಪಾಸಾದೆ.

ಅಲ್ಲಿಂದ ನೇರವಾಗಿ ಆ ಕೂಡುರಸ್ತೆಗೆ ಹೋದೆ. ಕಾರು ಇಡಾಲಿನಾಳದು, ಪಕ್ಕದಲ್ಲಿ ಅವಳೇ ಕೂತಿದ್ದಳು. ಇಬ್ಬರೂ ಬೆಲ್ಟ್ ಹಾಕಿದ್ದೆವು. ಹಸಿರು ದೀಪ ಬಂತು. ಎದುರಿನಿಂದ ಗಾಡಿಗಳು ಬರುತ್ತಿದ್ದವು, ದೂರದಲ್ಲಿ ಇನ್ನೊಂದು ಬರುತ್ತಿತ್ತು. ಧೈರ್ಯ ಮಾಡಿದ್ದರೆ ದಾಟಬಹುದಿತ್ತು, ಅಷ್ಟು ದೂರವಿತ್ತು. ನಾನು ಕದಲಲಿಲ್ಲ. ಹಿಂದೆ ಹಾರ್ನ್ ಶುರುವಾಯಿತು. ಮೊದಲು ಒಬ್ಬ, ಆಮೇಲೆ ಇಬ್ಬರು. ಒಬ್ಬ ಕಿಟಕಿಯಿಂದ ತಲೆ ಹೊರಗೆ ಹಾಕಿ 'ಮುದುಕಿ' ಎಂದೂ ಇನ್ನೇನೋ ಎಂದೂ ಕೂಗಿದ. ದೀಪ ಕೆಂಪಾಯಿತು, ಮತ್ತೆ ಹಸಿರಾಯಿತು.

"ಡಿಯೋಲಿಂಡಾ, ಹಿಂದೆ ಆರು ಕಾರಿವೆ ಕಣೇ" ಎಂದಳು ಇಡಾಲಿನಾ.

"ಏಳಾಗಲಿ" ಎಂದೆ.

ರಸ್ತೆ ಪೂರ್ತಿ ಖಾಲಿಯಾದ ಮೇಲೆ, ಒಂದು ಸೈಕಲ್ಲೂ ಇಲ್ಲದಾಗ, ನಿಧಾನವಾಗಿ ಎಡಕ್ಕೆ ತಿರುಗಿಸಿದೆ.

ಅಕ್ಕ